ಕೆಳಗಿನ ಅರ್ಧ

ಎರಡನೇ ಗೇಟಿನ ಆಚೆ, ಮಿರ್ಚಿ ಬಂಡಿಯ ಹಿಂದಿನ ಗೋಡೆಗೆ
ನಾನೇ ಬಳಿದ ಕರಿಹಲಗೆ, ಐದಡಿಗೆ ಏಳಡಿ.
ಪಕ್ಕದ ಗೂಟಕ್ಕೆ ತೆಂಗಿನ ಚಿಪ್ಪು, ಅದರೊಳಗೆ ಸೀಮೆಸುಣ್ಣ.
ಯಾರು ಬೇಕಾದರೂ ಬರೆಯಬಹುದಿತ್ತು.

ಕಳೆದ ಮೇಕೆ, ಸಿಕ್ಕ ಬೀಗದ ಕೈ,
ಗಾದಿಲಿಂಗ ಇನ್ನೂರು ರೂಪಾಯಿ ಕೊಡಬೇಕೆಂದು
ಅವನ ಸ್ವಂತ ತಮ್ಮನೇ ಬರೆದದ್ದು,
ನಲ್ಲಿ ಬಿಡುವ ಹೊತ್ತು, ಸತ್ತವರ ಹೆಸರು, ಮಣ್ಣಿನ ಹೊತ್ತು.
ತಪ್ಪು ಕಂಡರೆ ಒತ್ತಕ್ಷರ ತಿದ್ದುತ್ತಿದ್ದೆ,
ಅಷ್ಟೇ ನನ್ನ ಅಧಿಕಾರ.

ಆಮೇಲೆ ಜೀನ್ಸ್ ಕಂಪನಿಯವರು ಬಂದರು.
ಕೆಟ್ಟವರಲ್ಲ. ಚಹಾ ಕುಡಿಸಿದರು.
ಹೊಸ ತಗಡಿನ ಬೋರ್ಡು, ಮೇಲೊಂದು ಬಲ್ಬು,
ನನಗೆ ತಿಂಗಳಿಗೆ ಸಾವಿರದ ಎಂಟುನೂರು.
ಮೇಲಿನ ಅರ್ಧ ಅವರದು:
ಬೈಕಿಗೆ ಒರಗಿ ನಿಂತ ಹುಡುಗ, ನೀಲಿ ಪ್ಯಾಂಟು.
ಅವನ ಹಲ್ಲನ್ನು ಮೂರು ಸಲ ಬಳಿಸಿದರು.
ಕೆಳಗಿನ ಅರ್ಧ ಓಣಿಯದು.
"ಏನಾರ ಬರ್ಕೊಳ್ರಿ ಯಜಮಾನ್ರೆ, ನಮ್ದೇನೂ ಅಡ್ಡಿಯಿಲ್ಲ,
ಹುಡುಗನ ಕೆಳಗ ಚೆಂದ ಕಾಣ್ಬೇಕು, ಅಷ್ಟ."

ಚೆಂದ ಅಂದರೇನು ಅಂತ ಹೇಳಲಿಲ್ಲ.
ಒಂದೊಂದು ಫೋನಿಗೆ ಒಂದಿಷ್ಟು ಗೊತ್ತಾಯಿತು.
ನಗುವವನ ಕಾಲ ಬುಡದಲ್ಲಿ ಸಾವು ಬೇಡ.
ಸಾಲ ಬೇಡ, ಕೊಳ್ಳುವವರ ಕೈ ಜೇಬಿನಲ್ಲೇ ನಿಲ್ಲುತ್ತದೆ.
ಹಳೆ ಪ್ಯಾಂಟಿಗೆ ಹೊನ್ನೂರಬಿ ತೇಪೆ ಹಾಕಿಕೊಡುತ್ತಾಳೆ ಅನ್ನುವುದೂ ಬೇಡ.
ವಾಷಿಂಗ್ ಘಟಕದ ಹಿಂದಿನ ಮೋರಿ,
ಅದನ್ನಂತೂ ಕೇಳಲೇಬೇಡಿ.

ಜನ ಸುಮ್ಮನಿರುತ್ತಾರೆಯೇ, ಬಳ್ಳಾರಿ ಬಿಸಿಲು ಕುಡಿದವರು?
'ಸತ್ತರು' ಬಿಟ್ಟು 'ಗುಂತಕಲ್ಲಿಗೆ ಹೋದರು' ಅಂತ ಬರೆದರು.
ನಿಜಕ್ಕೂ ಗುಂತಕಲ್ಲಿಗೆ ಹೋಗಿದ್ದ ಗ್ಯಾಂಗ್‌ಮನ್ ಪೆದ್ದಯ್ಯ
ಮೂರನೇ ದಿನ ಚೀಲ ಹೊತ್ತು ಬಂದರೆ
ಮನೆ ಮುಂದೆ ಹೆಂಗಸರು ಸೆರಗು ಬಾಯಿಗಿಟ್ಟು ಕೂತಿದ್ದರು.
ಮೋರಿ ನೀಲಿಯಾಗಿ ಹರಿದ ದಿನ
ಮಾರೆಕ್ಕನ ಮೊಮ್ಮಗಳು ದುಂಡಗೆ ಬರೆದಳು:
'ಇವತ್ತು ಆಕಾಶ ನಮ್ಮ ಓಣಿಗೆ ಇಳಿದಿದೆ.
ಎಮ್ಮೆಗೆ ಕುಡಿಸಬೇಡಿ.'
ಕಂಪನಿಯವನು ಫೋಟೋ ತೆಗೆದುಕೊಂಡ.
ಕವಿತೆ ಅಂದುಕೊಂಡ.

ನಾನು ಮಾತ್ರ ಜಾಣನಾದೆ.
ಫೋನು ಬರುವ ಮೊದಲೇ ಒದ್ದೆ ಬಟ್ಟೆ ಹಿಡಿದು ನಿಲ್ಲುವಷ್ಟು,
ಇನ್ನೂ ಬರೆಯದವನ ಮುಖ ನೋಡಿ
"ಬ್ಯಾಡ ಬಿಡಪ್ಪ" ಅನ್ನುವಷ್ಟು.
"ಎರ್ರಿಸ್ವಾಮಿ, ಅದು ಬೋರ್ಡು ಒರ್ಸೋ ಬಟ್ಟೆನೋ, ಬಾಯಿ ಒರ್ಸೋದೋ?"
ಅಂದಳು ಹೊನ್ನೂರಬಿ, ಹಲ್ಲಲ್ಲಿ ದಾರ ಕಡಿಯುತ್ತ.
ನಗು ಬರಲಿಲ್ಲ. ಮೊಮ್ಮಗನ ಫೀಸು ಕಟ್ಟಬೇಕಿತ್ತು.

ಸೊಸೆಯ ಎರಡನೇ ಹೆರಿಗೆ, ದೊಡ್ಡಾಸ್ಪತ್ರೆ,
ರಾತ್ರಿ ಎಂಟೂವರೆ. ಓ ನೆಗೆಟಿವ್, ಬಾಟಲಿ ಇಲ್ಲ ಅಂದರು.
ಓಡಿ ಬಂದೆ. ಸೀಮೆಸುಣ್ಣ ಎತ್ತಿದೆ.
'ರಕ್ತ' ಅನ್ನಲು ಕೈ ಬರಲಿಲ್ಲ ನೋಡಿ.
ಯಾರೂ ಫೋನು ಮಾಡಿರಲಿಲ್ಲ.
ಆ ಬಲ್ಬಿನ ಕೆಳಗೆ, ಆ ಹಲ್ಲಿನ ಕೆಳಗೆ ನನ್ನ ಕೈ
'ಕೆಂಪು ಬೇಕಾಗಿದೆ, ತುರ್ತು' ಅಂತ ಬರೆಯಿತು.

ಮೊದಲು ಬಂದವನು ಗಾದಿಲಿಂಗ,
ಅರ್ಧ ಡಬ್ಬಿ ರೆಡ್ ಆಕ್ಸೈಡ್ ಹಿಡಿದು.
"ಇಟ್ಕೊ, ರೊಕ್ಕ ಆಮ್ಯಾಲ ಕೊಡುವಂತಿ" ಅಂದ.
ಹೊನ್ನೂರಬಿ ಬೋರ್ಡು ಓದಿದಳು, ನನ್ನ ಮುಖ ಓದಿದಳು,
ಸೀಮೆಸುಣ್ಣ ಕಿತ್ತುಕೊಂಡು ಮಿರ್ಚಿ ಬಂಡಿಯ ಸ್ಟೂಲು ಹತ್ತಿ
ಹುಡುಗನ ನೀಲಿ ತೊಡೆಯ ಮೇಲೆ,
ಗೇಟು ಬಿದ್ದು ನಿಂತ ಲಾರಿಗಳಿಗೂ ಕಾಣುವ ಹಾಗೆ,
ಆ ಎರಡು ಅಕ್ಷರ ಬರೆದಳು.

ಒಂಬತ್ತೂಕಾಲಿಗೆ ಮೂವರು ಬಂದರು.
ಒಬ್ಬ ಅದೇ ವಾಷಿಂಗ್ ಘಟಕದವನು,
ಮೊಣಕೈವರೆಗೂ ನೀಲಿ. ನರ ಹುಡುಕಲು
ನರ್ಸಮ್ಮ ತೋಳು ಎರಡು ಸಲ ಉಜ್ಜಿದಳು.

ಮಗು ಈಗ ತೆವಳುತ್ತದೆ.
ಬಲ್ಬು ಬಿಚ್ಚಿಕೊಂಡು ಹೋದರು, ಹುಡುಗನ ಮೇಲೆ ಕರಿ ಬಳಿದಿದ್ದೇನೆ,
ಹಲ್ಲು ಮಾತ್ರ ಎರಡು ಕೋಟಿಗೂ ಮುಚ್ಚಿಲ್ಲ.
ಚಿಪ್ಪಿನಲ್ಲಿ ಸೀಮೆಸುಣ್ಣ ಇದೆ.
ಯಾರಾದರೂ ಬರೆಯಲು ಬಗ್ಗಿದರೆ
ಈಗಲೂ ನನ್ನ ಕೈ
ಹೆಗಲ ಮೇಲಿನ ಬಟ್ಟೆ ತಡಕುತ್ತದೆ.