ಹತ್ತೊಂಬತ್ತನೇ ನಂಬರು

ಮಾವಿನಗುಂಡಿ ಘಾಟಿ ಹತ್ತಿ ಮುಗಿಯುವಷ್ಟರಲ್ಲಿ
ಇಬ್ಬರೂ ಮಲಗಿಬಿಟ್ಟರು.
ಹಾಲೇಶ ಕಿಟಕಿಗೆ ತಲೆ ಕೊಟ್ಟು,
ಮುನೀರ ಹಿಂದಿನ ಸೀಟಿನಲ್ಲಿ ಕಾಲು ಮಡಚಿ,
ಎದೆಯ ಮೇಲೆ ಮಡಗಾಂವಿನ ಗೋಡಂಬಿ ಪೊಟ್ಟಣ.
ಮನೆಯಲ್ಲಿ ಹೇಳಿ ಬಂದದ್ದು ಹುಬ್ಬಳ್ಳಿಯಲ್ಲಿ ಮದುವೆ.
ಹುಬ್ಬಳ್ಳಿ ಮದುವೆಗೆ ಗೋವಾ ಗೋಡಂಬಿ ಹೇಗೆ ಬಂತೆಂದು
ಸಾಗರ ದಾಟುವುದರೊಳಗೆ ಯೋಚಿಸಬೇಕು ಅವನು.

ಓಮ್ನಿ ಸೆಲ್ವರಾಜನದು, ಸ್ಟೇರಿಂಗೂ ಅವನದೇ.
ಅವನ ಕಣ್ಣು ಮುಚ್ಚದಂತೆ ಮಾತಾಡುವ ಕೆಲಸ ನನ್ನದು.
ಗೋಲ್‌ಕೀಪರಾಗಿದ್ದವನಿಗೆ ಹೊಸತೇನಲ್ಲ,
ತೊಂಬತ್ತು ನಿಮಿಷ ಹಿಂದೆ ನಿಂತು ಕೂಗುವುದು.
ಆದರೆ ಮಾತು ಬರಲಿಲ್ಲ.

ಶುಕ್ರವಾರ ಭದ್ರಾವತಿ ಬಿಟ್ಟಾಗ ಎಷ್ಟು ಗದ್ದಲ!
ಆಯನೂರಿನ ತನಕ ಅದೇ ಹಳೇ ಫೈನಲ್ಲು,
ಕಾರ್ಖಾನೆ ಟೀಮು ಪೆನಾಲ್ಟಿಯಲ್ಲಿ ಸೋತದ್ದು.
ನಾನು ಎಡಕ್ಕೆ ಹಾರಿದೆ, ಚೆಂಡು ಬಲಕ್ಕೆ ಹೋಯಿತು.
ಕಾರ್ಖಾನೆ ಮುಚ್ಚಿತು, ಮೈದಾನದಲ್ಲಿ ಲಂಟಾನ ಎದ್ದಿತು,
ಇವರು ಮಾತ್ರ ಇಪ್ಪತ್ತಾರು ವರ್ಷದಿಂದ
ನನ್ನನ್ನು ಬಲಕ್ಕೆ ಹಾರಿಸುತ್ತಲೇ ಇದ್ದಾರೆ.

ಕುಂಸಿಯಲ್ಲಿ ರೈಲ್ವೆ ಗೇಟು.
ಹಾಲೇಶ ಮೊಬೈಲಿನಲ್ಲಿ ಭೂಪಟ ತೆಗೆದು
ನಾವು ನೋಡಹೊರಟ ದೇಶಗಳನ್ನು ಹುಡುಕಿದ.
ಒಂದು ಸಿಕ್ಕಿತು, ಬೆಟ್ಟಗಳ ನಡುವೆ.
ಇನ್ನೊಂದು, ಕಡಲಲ್ಲಿ,
ಅವನು ಹೆಬ್ಬೆರಳಿಟ್ಟರೆ ಮುಳುಗಿಹೋಗುವಷ್ಟು.
‘ಇಷ್ಟು ಜಾಗದಲ್ಲಿ ಹನ್ನೊಂದು ಜನ ಎಲ್ಲಿ ಸಿಕ್ರಲೇ?’
‘ನಮ್ಮ ಕ್ವಾರ್ಟರ್ಸಿನ ಒಂದು ಸಾಲಲ್ಲೇ ಸಿಗ್ತಿರಲಿಲ್ವಾ?’

ಶನಿವಾರ ನಮ್ಮ ದೇಶ ಆಡಿತು.
ಕೂಗಿದೆವು, ಗಂಟಲು ಹೋಯಿತು, ಅದು ಸರಿ.

ಭಾನುವಾರದ್ದು ಬೇರೆ.
ಮುಕ್ಕಾಲು ಖಾಲಿ ಸ್ಟೇಡಿಯಮ್ಮು,
ಹೆಬ್ಬೆರಳಿನ ದೇಶ ಮೂರು ಗೋಲು ಹಿಂದೆ.
ನಮ್ಮೆದುರಿಗೇ, ಬಿಳಿ ಗೆರೆಯ ಆಚೆ,
ಚಡ್ಡಿಯ ಮೇಲೆ ಹತ್ತೊಂಬತ್ತೆಂದು ಬರೆದ ಹುಡುಗ
ಮೊಣಕಾಲೆತ್ತಿ ಓಡುತ್ತಿದ್ದ.
ಮೂಲೆಯ ಬಾವುಟದ ತನಕ ಹೋಗಿ ತಿರುಗಿ,
ಕೋಚಿನ ಕಡೆ ಒಂದು ನೋಟ,
ಮತ್ತೆ ಬಾವುಟದ ತನಕ.

ಆಟ ನೋಡುವುದು ಯಾವಾಗ ಬಿಟ್ಟೆವೋ ಗೊತ್ತಿಲ್ಲ.
ಸೆಲ್ವ ಎದ್ದು ನಿಂತಿದ್ದ:
‘ಏ ತಮ್ಮಾ, ನಿಧಾನ! ಮೀನಖಂಡ ಹಿಡ್ಕೊಂತದೆ!’
ಭದ್ರಾವತಿಯ ಕನ್ನಡದಲ್ಲಿ ಎರಡು ಸಲ,
ಆಮೇಲೆ ಒಂದು ಸಲ ತಮಿಳಿನಲ್ಲಿ,
ಅದಾದರೂ ತಿಳಿದೀತೆಂದು.
ಬೋರ್ಡು ಎತ್ತಿದರು, ಏಳನೇ ನಂಬರು.
ಬೋರ್ಡು ಎತ್ತಿದರು, ಇಪ್ಪತ್ತೆರಡು.
ಇನ್ನು ಬೋರ್ಡು ಏಳಲಿಲ್ಲ.
ಹುಡುಗ ಓಡುತ್ತಲೇ ಇದ್ದ, ಸೀಟಿ ಊದುವ ತನಕ.

ಹನ್ನೊಂದು ಸೀಸನ್ನಿನ ಗುಂಪು ಫೋಟೋಗಳಿವೆ ನಮ್ಮ ಮನೆಯಲ್ಲಿ.
ಹನ್ನೊಂದರಲ್ಲೂ ಸೆಲ್ವ ಇದ್ದಾನೆ, ಕೊನೆಯಲ್ಲಿ,
ಹನ್ನೊಂದರಲ್ಲೂ ಅವನ ಜೆರ್ಸಿಯ ಇಸ್ತ್ರಿ ಮುರಿದಿಲ್ಲ.

ಆ ಫೈನಲ್ಲಿನ ಕೊನೇ ಹತ್ತು ನಿಮಿಷಕ್ಕೆ
ಕೋಚ್ ನನ್ನನ್ನೇ ಕೇಳಿದ್ದರು: ಸೆಲ್ವನ್ನ ಇಳಿಸೋಣವಾ?
ಕ್ಯಾಪ್ಟನ್ ನಾನು. ಬೇಡ ಸಾರ್ ಅಂದೆ.
ಕೋಚ್ ತೀರಿಹೋದರು.
ಈಗ ಈ ಮಾತು ಒಬ್ಬನ ಹತ್ತಿರವೇ ಇದೆ,
ಓಮ್ನಿಯ ಮುಂದಿನ ಸೀಟಿನಲ್ಲಿ, ಬೆಲ್ಟು ಹಾಕಿಕೊಂಡು.

ಆನಂದಪುರಕ್ಕೆ ಇನ್ನೂ ಸ್ವಲ್ಪ ಇರುವಾಗ
‘ಕಾಲು ಜೋಮು’ ಎಂದು ಗಾಡಿ ನಿಲ್ಲಿಸಿದ.
ಹೆಡ್‌ಲೈಟು ಆರಿಸಲಿಲ್ಲ.
ಮಾರ್ಚಿನ ಒಣ ಚಳಿ, ಉದುರಿದ ತೇಗದೆಲೆ.
ರಸ್ತೆಯಂಚಿನ ಬಿಳಿ ಗೆರೆಯ ಮೇಲೆ
ಐವತ್ತೆರಡರ ಸೆಲ್ವರಾಜ ಮೊಣಕಾಲೆತ್ತಿ ಓಡತೊಡಗಿದ.
ಮೈಲಿಗಲ್ಲಿನ ತನಕ ಹೋಗುತ್ತಾನೆ,
ತಿರುಗುತ್ತಾನೆ,
ಓಮ್ನಿಯ ಕಡೆ ನೋಡುತ್ತಾನೆ.
ಬೆಳಕು ಕಣ್ಣಿಗೆ ಹೊಡೆದು
ಒಳಗಿರುವ ನಾನು ಕಾಣಿಸುತ್ತಿರಲಿಕ್ಕಿಲ್ಲ.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ.
ಹಿಂದಿನಿಂದ ಮುನೀರ ಎದ್ದ: ‘ಎಲ್ಲಿಗೆ ಬಂದ್ವೋ?’
‘ಸಾಗರ ದಾಟಿ ಆಯ್ತು.’
‘ಅಯ್ಯೋ,’ ಅಂದ,
ಪೊಟ್ಟಣ ತಡವುತ್ತ,
‘ಏನ್ ಹೇಳ್ಬೇಕು ಅಂತ ಇನ್ನೂ ಯೋಚನೆನೇ ಮಾಡಿಲ್ವಲ್ಲೋ.’