ಎಪ್ಪತ್ತನಾಲ್ಕು ಗೆರೆ

ಮಲ್ಪೆ ಬಂದರಿನ ಹರಾಜು ಕಟ್ಟೆಯಲ್ಲಿ
ಬೆಳಿಗ್ಗೆ ಹನ್ನೊಂದಕ್ಕೆ ಉಪನ್ಯಾಸ, ನನ್ನದು.
ಮೂವತ್ತೆರಡು ಸ್ಲೈಡು, ಒಂದು ಬಿಳಿ ಪರದೆ,
ಇಲಾಖೆಯವರು ಇಟ್ಟ ಬಾಳೆಹಣ್ಣು, ನೀರಿನ ಬಾಟಲಿ.
ಎರಡನೇ ಸ್ಲೈಡಿಗೆ ಕರೆಂಟು ಹೋಯಿತು.

ಅಷ್ಟರಲ್ಲೇ ಒಂದು ಪದ ಬಾಯಿಂದ ಜಾರಿತ್ತು: ಸುಸ್ಥಿರ.
ಹಿಂದಿನ ಸಾಲಿನಿಂದ ಯಾರೋ ಕೇಳಿದರು,
'ಅದು ಯಾರ ಮಗಳು ಮಾರಾಯ್ರೆ?'
ನಗು ಬುಟ್ಟಿಯಿಂದ ಬುಟ್ಟಿಗೆ ಹಾರಿತು.
ನಾನೂ ನಕ್ಕೆ. ಐದು ವರ್ಷ ಓದಿ ಕಲಿತ ಪದ
ಐಸು ಕರಗಿದ ಮೀನಿನ ಹಾಗೆ
ಕೈಯಲ್ಲೇ ಉಳಿಯಿತು, ಕೊಳ್ಳುವವರಿಲ್ಲದೆ.

ಪರದೆ ಮಡಚಿಟ್ಟೆ.
ಕಾರ್ಕಳದವಳು ನಾನು, ಬಂಡೆಗಳ ಊರು;
ಕಲ್ಲಿನ ಮಾತಾದರೂ ಬಂದೀತು ನನಗೆ.
'ಮೀನಿನ ಕಿವಿಯೊಳಗೆ ಒಂದು ಕಲ್ಲಿರುತ್ತದೆ' ಎಂದೆ.

ಬೇಬಿ ಮೆಂಡನ್ ತಲೆ ಎತ್ತಲಿಲ್ಲ.
ಬುಟ್ಟಿಯಿಂದೊಂದು ಕಲ್ಲೂರು ತೆಗೆದು
ಕತ್ತಿಯ ತುದಿಯಲ್ಲಿ ನೆತ್ತಿ ಬಿಡಿಸಿ
ನನ್ನ ಅಂಗೈಗೆ ಹಾಕಿದಳು: ಬಿಳಿಯ ಎರಡು ತುಣುಕು,
ಮಗುವಿನ ಹಾಲುಹಲ್ಲಿನಷ್ಟು.
'ಇದಾ? ಊಟಕ್ಕೆ ಕೂತರೆ ಹಲ್ಲಿಗೆ ಸಿಗ್ತದೆ.
ಹೆಸರಲ್ಲೇ ಕಲ್ಲು ಉಂಟಲ್ಲ,
ನೀವು ಈಗ ಕಂಡುಹಿಡಿದದ್ದಾ?'

ಕಂಡುಹಿಡಿದದ್ದಲ್ಲ, ಓದಲು ಕಲಿತದ್ದು.
ಮರಿ ಬಂಗುಡೆಯೊಂದರ ಕಲ್ಲು, ಸಾಸಿವೆಗಿಂತ ಸಣ್ಣದು,
ನವರಾತ್ರಿಯ ಹಿಂದಿನ ದಿನ ಬಲೆಗೆ ಬಿದ್ದದ್ದು.
ಎರಡು ರಾತ್ರಿ ಉಜ್ಜಿ ಉಜ್ಜಿ ತೆಳುವಾಗಿಸಿ
ಗಾಜಿಗೆ ಅಂಟಿಸಿ ತಂದಿದ್ದೆ.
ಕಾಲೇಜಿನ ಹಳೇ ಮೈಕ್ರೋಸ್ಕೋಪು, ಅಡಿಯಲ್ಲೊಂದು ಕನ್ನಡಿ;
ಬಿಸಿಲನ್ನು ಓಲೈಸಿ ಅದರೊಳಗೆ ಬೀಳಿಸಿದೆ.
ಕೈ ಒರೆಸಿಕೊಂಡು ಒಬ್ಬೊಬ್ಬರೇ ಬಗ್ಗಿದರು.
ಒಂದೇ ಕಣ್ಣು ಮುಚ್ಚಲು ಬಾರದ ಜಲಜಕ್ಕ
ಇನ್ನೊಂದನ್ನು ಅಂಗೈಯಿಂದ ಮುಚ್ಚಿಕೊಂಡಳು.

ಗೆರೆ. ಗೆರೆಯ ಸುತ್ತ ಗೆರೆ.
ದಿನಕ್ಕೊಂದು, ಎಂದೆ. ಹೊಟ್ಟೆ ತುಂಬಿದ ದಿನ ಅಗಲ,
ಹಸಿದ ದಿನ ಕಿರಿದು.
ಇದರಲ್ಲಿ ಎಪ್ಪತ್ತನಾಲ್ಕು.
ಹಿಡಿದ ದಿನದಿಂದ ಹಿಂದಕ್ಕೆ ಎಣಿಸಿದರೆ...

ನಾನು ಹೇಳುವ ಮೊದಲೇ
ಬೆರಳ ಗಿಣ್ಣುಗಳ ಮೇಲೆ ಬೇಬಿ ಮುಗಿಸಿದ್ದಳು:
'ಆಟಿ. ಆಟಿ ತಿಂಗಳ ಮೂರೋ ನಾಲ್ಕೋ.'
ಬೋಟುಗಳನ್ನೆಲ್ಲ ದಕ್ಕೆಗೆ ಬಿಗಿದ ದಿನಗಳು.
ಎಂಜಿನ್ನಿನ ಸದ್ದಿಲ್ಲದ ಕಡಲಿನಲ್ಲಿ
ತಳದ ತಣ್ಣೀರು ಮೇಲೆದ್ದು, ಕಣ್ಣಿಗೆ ಕಾಣದ
ಹಸಿರನ್ನು ಹಬ್ಬಿಸುತ್ತಿದ್ದ ಹೊತ್ತಿಗೆ
ಈ ಕಲ್ಲು ತನ್ನ ಮೊದಲ ಗೆರೆ ಬರೆದುಕೊಂಡಿತು.
ನನ್ನ ಹತ್ತೊಂಬತ್ತನೇ ಸ್ಲೈಡಿನಲ್ಲಿ ಇದ್ದದ್ದೂ ಇಷ್ಟೇ,
ಬಾಣದ ಗುರುತುಗಳ ಜೊತೆಗೆ.

'ಆ ದಿನಗಳ ಗೆರೆ ನನ್ನಲ್ಲೂ ಉಂಟು,' ಎಂದಳು ಬೇಬಿ.
ಸೊಂಟದ ಚೀಲದಿಂದ ಬಿಡಿಸಿ ತೋರಿಸಿದ ಚೀಟಿ:
ಸೊಸೈಟಿಯಲ್ಲಿ ಅಡವಿಟ್ಟ ಎರಡು ಬಳೆ,
ತಾರೀಕು ಒಂದು ವಾರ ಆಚೀಚೆ.
ಯಾರೂ ನಗಲಿಲ್ಲ.
ಇದಕ್ಕೆ ನನ್ನ ಬಳಿ ಸ್ಲೈಡಿರಲಿಲ್ಲ.

ಹೊರಗೆ ಲಾರಿಯೊಂದು ಹೊರಡುತ್ತಿತ್ತು,
ಬೆರಳುದ್ದದ ಬಂಗುಡೆ, ಸಲಿಕೆಯಲ್ಲಿ ತುಂಬಿದ್ದು,
ಮೀನುಹುಡಿಯ ಮಿಲ್ಲಿಗೆ.
'ಅದರಲ್ಲಿ ಎಷ್ಟು ಗೆರೆ?' ಕೇಳಿದಳು ಜಲಜಕ್ಕ.
ಹೆಚ್ಚು ಕಡಿಮೆ ಇಷ್ಟೇ.
'ಮೊಟ್ಟೆ ಇಡುವುದು?'
ಬರುವ ವರ್ಷದ ಆಟಿಗೆ, ಎಂದೆ, ಉಳಿದರೆ.
ಎಲ್ಲರೂ ಬೇಬಿಯ ಮುಖ ನೋಡಿದರು.
ಲಾರಿ ಅವಳ ಮೈದುನನದು.

ಆಗ ಕರೆಂಟು ಬಂತು.
ಪರದೆಯಿಲ್ಲದ ಪ್ರೊಜೆಕ್ಟರು ನನ್ನ ಎರಡನೇ ಸ್ಲೈಡನ್ನು
ಕಂಬದ ಮೇಲೆ, ಒದ್ದೆ ಬುಟ್ಟಿಗಳ ಮೇಲೆ ಸೊಟ್ಟಗೆ ಚೆಲ್ಲಿತು.
ಯಾರೂ ಓದಲಿಲ್ಲ.
ಗೇಟಿನವರೆಗೆ ಲಾರಿ ಸೋರಿಸಿಕೊಂಡು ಹೋದ ನೀರು
ಡಾಂಬರಿನ ಮೇಲೆ ಉದ್ದಕ್ಕೆ ಒಂದೇ ಗೆರೆ;
ಬಿಸಿಲಿಗೆ ಆ ತುದಿಯಿಂದ ಆರುತ್ತ ಬರುತ್ತಿತ್ತು.