ಹನ್ನೊಂದು ಎಳಿ

ಮೋಡಕಾ ಬಾಬಾಜಾನ ತಕ್ಕಡ್ಯಾಗ ಇಟ್ಟು ಕೊಟ್ಟ,
ಕೀಲಿಮಣಿ ಹೊಟ್ಟ್ಯಾಗನ ಮಿದುಳಿದ್ದ ಹಳೇ ಕಂಪ್ಯೂಟರು.
ಮೂರು ಕಿಲೋ, ಮ್ಯಾಲ ನೂರು ಗ್ರಾಂ.
ನೂರು ಗ್ರಾಂ ಬಿಟ್ಟ; ಅದು ಧೂಳಿಂದು ಅಂದ.

ಮನಿಯಾಗ ಹುಡುಗ್ರು ಆಟ ಆಡಲಿ ಅಂತ ಮಾಡಿದ್ದ ಮಷೀನು,
ಬೆಟಗೇರಿ ನೇಕಾರ ಸೊಸೈಟಿಯವರು ಲೆಕ್ಕಕ್ಕ ಹೂಡಿದ್ದರು.
ಬೆನ್ನಿಗೆ ಬಿಳಿ ಬಣ್ಣದಾಗ ಬರದಿತ್ತು: ಡೆಡ್ ಸ್ಟಾಕ್ ೪೧.
೪೦ ಕುರ್ಚಿ, ೪೨ ಗಡಿಯಾರ ಇದ್ದಿರಬೇಕು.

ಸ್ಕ್ರೂ ನಾಕು ಬಂದುವು, ಐದನೇದು ಬರಲಿಲ್ಲ.
ಹೊಲಿಗಿ ಮಷೀನಿನ ಎಣ್ಣಿ ಬಿಟ್ಟು ಒಂದು ರಾತ್ರಿ ಕಾದೆ.
ಮುಚ್ಚಳ ತಗದರ
ಮೂಲ್ಯಾಗ ಒಂದು ಕೆರಿ ಬತ್ತಿದಂಗ:
ದಂಡಿಗೆ ಬಿಳಿ ಉಪ್ಪು, ನಡುವ ಹಸಿರು,
ತಾಮ್ರದ ತಂಬಿಗಿ ಕಂಠದಾಗ ಕುಂದರತೈತಲ್ಲ, ಆ ಕಿಲುಬು.

ಬ್ಯಾಟರಿ. ಕಿರಿಬೆರಳಿನಷ್ಟು, ನೀಲಿ ಅಂಗಿದು.
ಅದಕ್ಕ ಕೊಟ್ಟಿದ್ದ ಕೆಲಸ ಒಂದ:
ಕರೆಂಟು ಹೋದರೂ ತಾರೀಖು ಮರೀಬಾರದು.
ಸೊಸೈಟಿಗೆ ಬೀಗ ಬಿದ್ದಿದ್ದು ಅದಕ್ಕ ಯಾರೂ ಹೇಳಿರಲಿಲ್ಲ.
ಎಷ್ಟು ತಿಂಗಳು ಎಣಿಸಿತೋ,
ಎಣಿಸೋದು ಮುಗದ ಮ್ಯಾಲ ತನ್ನ ರಸ ತಾನ ಕಾರಿ
ಸುತ್ತಲಿನ ಹಾದಿ ತಿನ್ನಾಕ ಹತ್ತಿತ್ತು.

ಕತ್ತರಿಸಿ ತಗದೆ.
ಅದರ ರಸ ಸುಣ್ಣದ ಜಾತಿದು; ಸುಣ್ಣಕ್ಕ ಹುಳಿನ ಮದ್ದು.
ಎದುರಿನ ಗೋಬಿ ಮಂಚೂರಿ ಗಾಡಿಯವನ ಹತ್ರ
ಒಂದು ಮುಚ್ಚಳ ವಿನೆಗರ್ ಇಸಕೊಂಡೆ.
ಹನಿ ಬಿದ್ದಲ್ಲಿ ನೊರಿ ಎದ್ದಿತು.
ಸವದ ಹಲ್ಲಿನ ಬ್ರಶ್ಶು, ಆಮ್ಯಾಲ ಸ್ಪಿರಿಟ್ಟು, ಆಮ್ಯಾಲ ಬಿಸಲು.
ಎರಡು ದಿನ ಅಂಗಡಿ ತುಂಬ ಉಪ್ಪಿನಕಾಯಿ ವಾಸನಿ;
ಮಿಕ್ಸರ್ ಕೊಡಾಕ ಬಂದ ಹೆಣಮಗಳು
"ಊಟಕ್ಕ ಕುಂತಿದ್ರೇನ್ರೀ?" ಅಂತ ಹೊಸ್ತಲದಾಗ ನಿಂತಳು.

ಕಿಲುಬು ಹೋತು. ಅದರ ಸಂಗಾಟ ಹಾದಿನೂ ಹೋಗಿತ್ತು.
ಮೀಟರಿನ ಎರಡೂ ಮೊನಿ ಇಟ್ಟು ನೋಡಿದೆ:
ಕೂಗಬೇಕಾದಲ್ಲಿ ಕೂಗಲಿಲ್ಲ. ಹನ್ನೊಂದು ಕಡೆ.
ತಲಿಗೂದಲಷ್ಟು ಸಣ್ಣ ತಾಮ್ರದ ಗೆರಿ.
ನನ್ನವು ವಾಲ್ವ್ ರೇಡಿಯೋ ಬಿಚ್ಚಿ ಕಲಿತ ಕೈ,
ಇಷ್ಟು ಸಣ್ಣಾಟ ಇವಕ್ಕ ಬರಂಗಿಲ್ಲ.
ಎರಡು ಸಲ ಬೆಸದೆ, ಎರಡೂ ಸಲ ಬಾಜೂದ್ದಕ್ಕ ಅಂಟಿತು.

ಗ್ವಾಡಿ ಆಚೆ ಮಗ್ಗ ನಿಂತಿತು.
ಸಾವಂತ್ರೆಕ್ಕ ಚಾ ತಂದಿದ್ದಳು. ಬಗ್ಗಿ ನೋಡಿ
"ಹಾಸು ಹರದೈತಲ್ಲೋ" ಅಂದಳು.
ಇದು ಹಾಸಲ್ಲ ಅನ್ನಾಕ ಬಾಯಿ ತಗದೆ.
ಆಕಿ ಆಗಲೇ ಸ್ಟೂಲು ಎಳಕೊಂಡು ಕುಂತಿದ್ದಳು.

ಎರಡು ಸಾವಿರ ಎಳಿ ದಿನಾ ಕಣ್ಣ ಮುಂದ ಹಾಯಿಸಾಕಿ,
ಹರದ ತುದಿ ಹುಡುಕಿ, ಉಗುಳು ಹಚ್ಚಿ, ಹೊಸಿಯಾಕಿ.
"ಇದಕ್ಕ ಉಗುಳು ಬ್ಯಾಡಬೇ" ಅಂದೆ. ನಕ್ಕಳು.
ಮೋಟಾರು ವೈಂಡಿಂಗಿನ ಸಣ್ಣ ತಂತಿ ಕೊಟ್ಟೆ;
ಕಾದ ಕಡ್ಡಿ ನಾ ಹಿಡದೆ, ತಂತಿ ಆಕಿ ಹಿಡದಳು.
ಮೊದಲನೇದಕ್ಕ ಮೀಟರು ಕೂಗಿತು.
ನಾಕನೇದಕ್ಕ ಅದು ಕೂಗೋ ಮೊದಲ ಆಕಿ ಗೋಣು ಹಾಕಿದಳು.
ಏಳನೇದು ತಪ್ಪಿತು. ಬಿಚ್ಚಿದಳು.
ಬಿಚ್ಚೋ ಮುಂದ ಮಾತಾಡಿಸಬ್ಯಾಡ ಅಂದಳು.

ಆಮ್ಯಾಲ ತಾನ ಕೇಳಿದಳು: "ಇದು ಸೊಸೈಟಿದೇನೋ?"
ಹೌದು.
"ಇದರಾಗನ ನಮ್ಮ ಕೂಲಿ ಬರಕೋತಿದ್ದರು.
ನಂದು ನಾಕು ಸೀರಿದು ಇನ್ನಾ ಬರಬೇಕು."
ಹನ್ನೊಂದನೇ ತಂತಿ ನೆಟ್ಟಗ ಎಳದು ಹಿಡದಳು.
ನಾ ಏನೂ ಅನ್ನಲಿಲ್ಲ, ಕಡ್ಡಿ ಹಚ್ಚಿದೆ.

ಸಂಜಿಮುಂದ ಟೀವಿಗೆ ಜೋಡಿಸಿ ಗುಂಡಿ ಒತ್ತಿದೆ.
ಕರೇ ಪರದೆ. ಬೂದಿ. ಆಮ್ಯಾಲ ನೀಲಿ,
ಮೂಲ್ಯಾಗ ಒಂದು ಚೌಕ ಮಿಣಮಿಣ.
ಫ್ಲಾಪಿಗೆ ಬೂಷ್ಟು ಹಿಡದಿತ್ತು, ಹಾಕಲಿಲ್ಲ.
ಹೊಸ ಬ್ಯಾಟರಿನೂ ಹಾಕಿರಲಿಲ್ಲ.

"ಏನಂತೈತಿ?"
ಇವತ್ತು ಯಾವ ತಾರೀಖು ಅಂತ ಕೇಳಾಕ ಹತ್ತೈತಿ.

ಸಾವಂತ್ರೆಕ್ಕ ಸೆರಗಿಗೆ ಕೈ ಒರಿಸಿಕೊಂಡಳು.
"ನಾಕು ಸೀರಿ ಒಯ್ದು ಕೊಟ್ಟ ತಾರೀಖು ನನಗ ನೆನಪೈತಿ.
ಅದನ್ನ ಒತ್ತು."